ಕೇಳಿದ ಮೇಲೆ ತಿಳಿಸು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೆಸೇಜು ಓದಿದೆ. ನಿಮ್ಮ ತಂಡವನ್ನು ಒಡೆದು ಬೇರೆ ಬೇರೆ ವಿಭಾಗಗಳಿಗೆ ಹಂಚುತ್ತಿದ್ದಾರೆ, ಅಲ್ಲಿ ನಿನ್ನ ಜಾಗ ಯಾವುದೆಂದು ಯಾರೂ ಸರಿಯಾಗಿ ಹೇಳುತ್ತಿಲ್ಲ, ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲೇ ಇದ್ದುಕೊಂಡು ವೈದ್ಯಕೀಯ ಉಪಕರಣಗಳ ಕಡೆಗೆ ಹೊರಳಬೇಕೆಂಬ ಆಸೆಯಿದೆ, ಆದರೆ ಆ ಕ್ಷೇತ್ರದಲ್ಲಿ ಒಬ್ಬರ ಪರಿಚಯವೂ ಇಲ್ಲ ಎಂದು ಬರೆದಿದ್ದೀಯ. ಎಲ್ಲರೂ ನೆಟ್‌ವರ್ಕಿಂಗ್ ಮಾಡು ಅನ್ನುತ್ತಾರೆ, ಕೆಲಸ ಬೇಕಾದಾಗ ಜನರ ಬೆನ್ನು ಹತ್ತುವುದು ನನ್ನಿಂದಾಗದು, ಇದಕ್ಕೂ ವಶೀಲಿಗೂ ಏನು ವ್ಯತ್ಯಾಸ ದೊಡ್ಡಮ್ಮಾ ಎಂದೂ ಕೇಳಿದ್ದೀಯ. ಫೋನಿನಲ್ಲಿ ನಾಲ್ಕು ಮಾತಾಡಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದು.

ಮೊದಲು ವಶೀಲಿಯ ಮಾತು. ಆ ಅನುಮಾನ ನಿನಗೆ ಬಂದದ್ದು ನನಗೆ ಸಮಾಧಾನವನ್ನೇ ಕೊಟ್ಟಿತು. ವಶೀಲಿ ಹಚ್ಚಿದಾಗ ತೀರ್ಮಾನವೇ ಬದಲಾಗುತ್ತದೆ. ಅರ್ಹರಾದ ಇನ್ಯಾರದೋ ಜಾಗ ಅವರಿಗೆ ಗೊತ್ತೇ ಆಗದಂತೆ ಕೈತಪ್ಪುತ್ತದೆ. ಅಂಥದ್ದನ್ನು ಮಾಡು ಎಂದು ನಾನು ಯಾವತ್ತೂ ಹೇಳುವುದಿಲ್ಲ. ನೀನು ಕೇಳಬೇಕಾದ್ದು ತಿಳಿವಳಿಕೆಯನ್ನು. ಎಲ್ಲಿ ಯಾವ ಕೆಲಸ ತೆರೆಯುತ್ತಿದೆ, ಆ ಕೆಲಸದವರು ದಿನವಿಡೀ ನಿಜಕ್ಕೂ ಏನು ಮಾಡುತ್ತಾರೆ, ಅಲ್ಲಿಗೆ ಹೊಸದಾಗಿ ಹೋಗುವವರು ಎಲ್ಲಿ ತಡವರಿಸುತ್ತಾರೆ ಎಂಬುದೆಲ್ಲ ಜಾಹೀರಾತಿನಲ್ಲಿ ಬರುವುದಿಲ್ಲ, ಜನರ ತಲೆಯಲ್ಲಿರುತ್ತದೆ. ಇನ್ನೊಂದು ಮಾತನ್ನೂ ಯೋಚಿಸು. ಮನೆಯಲ್ಲೋ ನೆಂಟರಲ್ಲೋ ಆ ಕ್ಷೇತ್ರದವರು ಇರುವ ಹುಡುಗ ಹುಡುಗಿಯರಿಗೆ ಈ ತಿಳಿವಳಿಕೆ ಕೇಳದೆಯೇ, ಮನೆಮಾತಿನ ನಡುವೆಯೇ ಸಿಕ್ಕಿಬಿಡುತ್ತದೆ. ನಿನಗೆ ಹಾಗೆ ಸಿಗಲಿಲ್ಲ. ಹಾಗಾಗಿ ನೀನು ಬಾಯಿಬಿಟ್ಟು ಕೇಳಬೇಕು. ಅದರಲ್ಲಿ ಅನ್ಯಾಯವೇನೂ ಇಲ್ಲ; ಇರುವ ಅಂತರ ಒಂದಿಷ್ಟು ಕಡಿಮೆಯಾಗುತ್ತದೆ, ಅಷ್ಟೆ.

ಅಂಕಿಅಂಶ ಇಲ್ಲದೆ ನೀನು ಏನನ್ನೂ ನಂಬುವವಳಲ್ಲ, ಹಾಗಾಗಿ ಒಂದು ಹಳೆಯ ಅಧ್ಯಯನದಿಂದಲೇ ಶುರುಮಾಡುತ್ತೇನೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ನ್ಯೂಟನ್ ಎಂಬಲ್ಲಿ ಹೊಸದಾಗಿ ಕೆಲಸ ಬದಲಿಸಿದ್ದವರನ್ನು ಅವರು ಮಾತಾಡಿಸಿದ್ದರು. ಯಾರದೋ ಪರಿಚಯದಿಂದ ಕೆಲಸ ಸಿಕ್ಕವರಿಗೆ, ಆ ಪರಿಚಯದವರನ್ನು ಆ ಹೊತ್ತಿನಲ್ಲಿ ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆವು ಎಂದವರು ಶೇ 16.7 ಮಾತ್ರ. ವರ್ಷಕ್ಕೊಮ್ಮೆಗಿಂತ ಹೆಚ್ಚು, ಆದರೆ ವಾರಕ್ಕೆ ಎರಡು ಸಲಕ್ಕಿಂತ ಕಡಿಮೆ ಎಂದವರು ಶೇ 55.6. ವರ್ಷಕ್ಕೊಮ್ಮೆಯೋ ಅದಕ್ಕೂ ಕಡಿಮೆಯೋ ಎಂದವರು ಶೇ 27.8. ಸಣ್ಣ ಸಮೀಕ್ಷೆ ಅದು, ಆದರೂ ಅದರಿಂದ ಹೊರಟ ಪ್ರಶ್ನೆಯನ್ನು ಜನ ಇವತ್ತಿಗೂ ಪರೀಕ್ಷಿಸುತ್ತಿದ್ದಾರೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದೇ ವಿಷಯದ ದೊಡ್ಡ ಅಧ್ಯಯನವೊಂದು ಬಂತು. ಉದ್ಯೋಗಸ್ಥರ ಜಾಲತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷಗಳ ಅವಧಿಯಲ್ಲಿ ಗಮನಿಸಿದ್ದರು. ಕೆಲಸ ಬದಲಿಸುವುದಕ್ಕೆ ಆಪ್ತರಿಗಿಂತ ದೂರದ ಪರಿಚಯದವರೇ ಹೆಚ್ಚು ನೆರವಾಗುತ್ತಾರೆ ಎಂದು ಅದರಲ್ಲೂ ಕಂಡಿತು. ಆದರೆ ತೀರ ದೂರವಾದರೆ ಪ್ರಯೋಜನ ಮತ್ತೆ ಇಳಿಯುತ್ತದೆ. ಅತ್ತ ಆಪ್ತರೂ ಅಲ್ಲ, ಇತ್ತ ಬರಿಯ ಹೆಸರೂ ಅಲ್ಲ ಎಂಬಂಥ ನಡುವಿನ ಪರಿಚಯದವರಿಂದಲೇ ಹೆಚ್ಚು ಉಪಯೋಗ.

ಕಾರಣ ನಿನಗೇ ಹೊಳೆಯುತ್ತದೆ. ದಿನಾ ನಿನ್ನ ಪಕ್ಕದಲ್ಲಿ ಕೂರುವ ಗೆಳತಿಗೆ ಗೊತ್ತಿರುವುದು ನಿನಗೂ ಗೊತ್ತು. ಅವಳು ನಿನಗಾಗಿ ಜೀವ ಬಿಟ್ಟಾಳು, ಆದರೆ ಹೊಸ ಸುದ್ದಿಯನ್ನು ಎಲ್ಲಿಂದ ತಂದಾಳು? ಹೊಸ ಸುದ್ದಿ ಬರುವುದು ಬೇರೆ ಕಡೆ ಓಡಾಡುವವರಿಂದ. ಅಂಥವರ ಜೊತೆಗಿನ ನಂಟು ಸ್ನೇಹದಷ್ಟು ಗಟ್ಟಿಯಾಗಿರುವುದಿಲ್ಲವಾದ್ದರಿಂದ ಅದಕ್ಕೆ ಬೇರೆಯದೇ ಬಗೆಯ ಆರೈಕೆ ಬೇಕು. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಆ ಆರೈಕೆಯ ಬಗ್ಗೆಯೇ.

ಯಾರೂ ಗೊತ್ತಿಲ್ಲ ಎಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಒಂದು ಹಾಳೆ ತೆಗೆದುಕೋ. ಇಂಟರ್ನ್‌ಶಿಪ್ಪಿನಲ್ಲಿ ನಿನ್ನ ವರದಿ ತಿದ್ದಿದವರು, ನಿನ್ನ ಮೊದಲ ತಂಡದಿಂದ ಬಿಟ್ಟುಹೋದವರು, ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದವರು, ಟ್ರೈನಿಂಗಿನಲ್ಲಿ ಪಕ್ಕದಲ್ಲಿ ಕೂತಿದ್ದವರು, ಗ್ರಾಹಕರ ಕಡೆಯಿಂದ ಕಾಲ್‌ಗೆ ಬರುತ್ತಿದ್ದ ಎಂಜಿನಿಯರು, ಇಷ್ಟು ಜನರ ಹೆಸರು ಬರೆ. ಮುಖ ನೆನಪಾಗಿ ಹೆಸರು ನೆನಪಾಗದಿದ್ದರೆ ಅದನ್ನೂ ಬರೆ, ಆಮೇಲೆ ಹುಡುಕಬಹುದು. ಮಾತು ಬಿಟ್ಟುಹೋದವರನ್ನು ಈಗ ಹೇಗೆ ಮಾತಾಡಿಸಲಿ ಎಂದು ಅಳುಕಬೇಡ. 2011ರಲ್ಲಿ ಲೆವಿನ್, ವಾಲ್ಟರ್, ಮರ್ನಿಘನ್ ಎಂಬ ಮೂವರು ಸಂಶೋಧಕರು ಹಿರಿಯ ಅಧಿಕಾರಿಗಳಿಂದ ಇದನ್ನೇ ಮಾಡಿಸಿದ್ದರು: ವರ್ಷಗಟ್ಟಲೆ ಸಂಪರ್ಕವಿಲ್ಲದ ಹಳೆಯ ಪರಿಚಯದವರನ್ನು ಹುಡುಕಿ, ಈಗಿನ ಕೆಲಸದ ಬಗ್ಗೆ ಸಲಹೆ ಕೇಳಿ ಎಂದು. ಹಾಗೆ ಸಿಕ್ಕ ಸಲಹೆ ದಿನಾ ಕಾಣುವವರ ಸಲಹೆಗಿಂತ ಕಡಿಮೆಯದಾಗಿರಲಿಲ್ಲ, ಹೊಸತನದಲ್ಲಂತೂ ಮೇಲಾಗಿತ್ತು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಹಳಬರಲ್ಲಿ ಎರಡು ಒಳ್ಳೆಯದು ಒಟ್ಟಿಗೆ ಸಿಗುತ್ತವೆ. ಅವರಿಗೆ ನಿನ್ನ ಮೇಲೆ ಆಗಲೇ ಒಂದಿಷ್ಟು ನಂಬಿಕೆ ಇರುತ್ತದೆ, ಜೊತೆಗೆ ಈ ನಡುವೆ ಅವರು ನೀನು ಕಾಣದ ಜಾಗಗಳನ್ನು ಕಂಡಿರುತ್ತಾರೆ.

ಇನ್ನು ಕೇಳುವ ಅಳುಕು. ಅವರು ಇಲ್ಲ ಅಂದರೆ ಎಂಬ ಭಯ ಎಲ್ಲರಿಗೂ ಇರುತ್ತದೆ, ಮತ್ತು ಎಲ್ಲರೂ ಅದನ್ನು ಇರುವುದಕ್ಕಿಂತ ದೊಡ್ಡದು ಮಾಡಿಕೊಳ್ಳುತ್ತಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬಾನ್ಸ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಪರಿಚಿತರಿಂದ ಐದು ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು ಬರಲು ಹೇಳಿದ್ದರು. ಹೋಗುವ ಮುಂಚೆ ಅದರಲ್ಲಿ ಭಾಗವಹಿಸಿದ್ದವರು, ಸುಮಾರು 20 ಜನರನ್ನಾದರೂ ಕೇಳಬೇಕಾಗುತ್ತದೆ ಎಂದು ಅಂದಾಜು ಮಾಡಿದ್ದರು. ಹೋಗಿ ಕೇಳಿದಾಗ ಸುಮಾರು 10 ಜನರಲ್ಲೇ ಕೆಲಸ ಮುಗಿದಿತ್ತು. ಎದುರಿಗಿರುವವರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ಕೇಳುವವರಿಗೆ ಕಾಣುವುದಿಲ್ಲ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡು ಪುಟ್ಟಿ. ಜನರಿಗೆ ಇಲ್ಲ ಎನ್ನಲು ಕಷ್ಟವಾಗುತ್ತದೆ ಎಂದಾದರೆ, ಇಲ್ಲ ಎನ್ನಲು ಒಂದು ಸುಲಭದ ದಾರಿ ಬಿಟ್ಟೇ ಕೇಳುವುದು ನಿನ್ನ ಜವಾಬ್ದಾರಿ.

ಹೇಗೆ ಬರೆಯಬೇಕೆಂದು ಹೇಳುತ್ತೇನೆ. ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ವರ್ಷಗಟ್ಟಲೆ ಕೂತವಳು ನಾನು, ನನಗೆ ಬಂದ ಇಂಥ ಪತ್ರಗಳು ಲೆಕ್ಕವಿಲ್ಲದಷ್ಟು. "ನಿಮ್ಮಲ್ಲಿ ಏನಾದರೂ ಅವಕಾಶವಿದ್ದರೆ ದಯವಿಟ್ಟು ತಿಳಿಸಿ, ಬಯೋಡೇಟಾ ಲಗತ್ತಿಸಿದ್ದೇನೆ" ಎಂಬ ಪತ್ರಕ್ಕೆ ಏನು ಉತ್ತರ ಬರೆಯಲಿ? ಈ ವ್ಯಕ್ತಿ ಯಾರು, ಯಾವ ಕೆಲಸಕ್ಕೆ ಒಗ್ಗುತ್ತಾರೆ, ನಾನು ಯಾರನ್ನು ವಿಚಾರಿಸಬೇಕು ಎಂಬ ಯೋಚನೆಯ ಹೊರೆಯನ್ನೆಲ್ಲ ಅದು ನನ್ನ ಮೇಲೆ ಹಾಕುತ್ತದೆ. ನಾಳೆ ನೋಡೋಣ ಎಂದು ಬದಿಗಿಟ್ಟರೆ ಆ ನಾಳೆ ಬರುವುದೇ ಇಲ್ಲ. ಅದರ ಬದಲು ನೀನು ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ಕೆಲವು ವರ್ಷಗಳ ಹಿಂದೆ ನಿಮ್ಮ ತಂಡದಲ್ಲಿ ಇಂಟರ್ನ್ ಆಗಿದ್ದೆ. ವರದಿಯಲ್ಲಿ ಮೊದಲು ತೀರ್ಮಾನ ಬರೆದು ಆಮೇಲೆ ಕಾರಣ ಬರಿ ಎಂದು ನೀವು ಕಲಿಸಿದ್ದನ್ನು ಈಗಲೂ ಪಾಲಿಸುತ್ತಿದ್ದೇನೆ. ಸದ್ಯ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದೇನೆ, ವೈದ್ಯಕೀಯ ಉಪಕರಣಗಳ ಕ್ಷೇತ್ರಕ್ಕೆ ಹೋಗುವ ಆಲೋಚನೆಯಿದೆ. ನೀವು ಅದೇ ಬದಲಾವಣೆ ಮಾಡಿಕೊಂಡವರು ಎಂದು ತಿಳಿಯಿತು. ಮೊದಲ ವರ್ಷದಲ್ಲಿ ನಿಮಗೆ ಯಾವುದು ಹೊಸದೆನಿಸಿತು ಎಂದು ಕೇಳುವ ಆಸೆ. ಮುಂದಿನ ಎರಡು ವಾರಗಳಲ್ಲಿ ಹದಿನೈದು ನಿಮಿಷ ಫೋನಿನಲ್ಲಿ ಸಿಗಲು ಸಾಧ್ಯವೇ? ಬಿಡುವಿಲ್ಲದಿದ್ದರೆ ಎರಡು ಸಾಲು ಬರೆದರೂ ಸಾಕು, ಅದೂ ಆಗದಿದ್ದರೆ ಖಂಡಿತ ಬೇಸರವಿಲ್ಲ."

ಇದನ್ನು ನಕಲು ಮಾಡಬೇಡ, ಇದರೊಳಗಿನ ಕೆಲಸವನ್ನು ಗಮನಿಸು. ನೀನು ಯಾರೆಂದು ಅವರು ತಡಕಾಡಬೇಕಿಲ್ಲ. ಅವರನ್ನೇ ಯಾಕೆ ಕೇಳುತ್ತಿದ್ದೀಯ ಎಂಬುದು ಗೊತ್ತಾಗುತ್ತದೆ. ಎಷ್ಟು ಸಮಯ ಬೇಕೆಂಬುದು ಗೊತ್ತಾಗುತ್ತದೆ. ಬೇಡ ಎನ್ನಲು ದಾರಿಯೂ ಇದೆ. ಅವರಿಂದ ಕಲಿತದ್ದೊಂದನ್ನು ಹೆಸರಿಸಿದ್ದೀಯ, ಮತ್ತು ಅದು ನಿಜವಾದದ್ದಾಗಿರಲೇಬೇಕು. ಅಂಥದ್ದೇನೂ ನೆನಪಿಗೆ ಬಾರದಿದ್ದರೆ ಹೊಗಳಿಕೆಯನ್ನು ಕಟ್ಟಬೇಡ. ಕಟ್ಟಿದ ಹೊಗಳಿಕೆ ಓದುವವರಿಗೆ ತಕ್ಷಣ ತಿಳಿಯುತ್ತದೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಸಲ ನೆನಪಿಸು. ಆಗಲೂ ಬಾರದಿದ್ದರೆ ಬಿಟ್ಟುಬಿಡು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಬೇಡ. ಅವರ ಮನೆಯಲ್ಲಿ ಏನು ನಡೆಯುತ್ತಿದೆಯೋ ನಮಗೆ ಗೊತ್ತಿರುವುದಿಲ್ಲ.

ಮಾತಿಗೆ ಸಿಕ್ಕಾಗ ಕೆಲಸ ಕೇಳಬೇಡ. ಓದಿ ತಿಳಿಯಬಹುದಾದ್ದನ್ನೂ ಕೇಳಬೇಡ. ಉದಾಹರಣೆಗೆ, ವೈದ್ಯಕೀಯ ಉಪಕರಣಗಳ ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485 ಎಂಬ ಮಾನದಂಡವಿದೆ, ಅವುಗಳ ಸಾಫ್ಟ್‌ವೇರಿಗೆ ಐಇಸಿ 62304 ಇದೆ. ಇವು ಏನು ಎಂದು ಕೇಳಿದರೆ, ಈ ಹುಡುಗಿ ಒಂದು ಸಂಜೆಯನ್ನೂ ಓದಿಗೆ ಕೊಟ್ಟಿಲ್ಲ ಎಂದು ಅವರಿಗೆ ಅನ್ನಿಸುತ್ತದೆ. ಅದೇ, "62304 ಇರುವ ಕಡೆ ಟೆಸ್ಟರಿನ ದಿನಚರಿ ಹೇಗೆ ಬದಲಾಗುತ್ತದೆ? ದಾಖಲೆ ಬರೆಯುವುದಕ್ಕೆ ದಿನದಲ್ಲಿ ಎಷ್ಟು ಪಾಲು ಹೋಗುತ್ತದೆ?" ಎಂದು ಕೇಳಿ ನೋಡು. ಅನುಭವಿಸಿದವರು ಮಾತ್ರ ಕೊಡಬಲ್ಲ ಉತ್ತರ ಅದು, ಹಾಗಾಗಿ ಅವರಿಗೂ ಹೇಳಲು ಖುಷಿ. ನೀವು ಹೊಸಬರನ್ನು ಸೇರಿಸಿಕೊಳ್ಳುವ ಜಾಗದಲ್ಲಿದ್ದರೆ ನನ್ನಂಥವಳಲ್ಲಿ ಏನು ಕೊರತೆ ಕಾಣುತ್ತಿದ್ದಿರಿ ಎಂಬುದು ಇನ್ನೊಂದು ಒಳ್ಳೆಯ ಪ್ರಶ್ನೆ. ಕೇಳಲು ಎದೆಗಟ್ಟಿ ಬೇಕು, ಉತ್ತರ ಕೇಳಿಸಿಕೊಳ್ಳಲು ಇನ್ನೂ ಗಟ್ಟಿ ಬೇಕು. ಸಮರ್ಥಿಸಿಕೊಳ್ಳಲು ಹೋಗಬೇಡ, ಬರೆದುಕೋ. ಹೇಳಿದ ಹದಿನೈದು ನಿಮಿಷ ಮುಗಿದಾಗ ನೀನೇ ಸಮಯವಾಯಿತು ಎಂದು ನೆನಪಿಸು. ಅವರೇ ಮುಂದುವರಿಸಿದರೆ ಅದು ಬೇರೆ. ಕೊನೆಯಲ್ಲಿ, ಈ ವಿಷಯದಲ್ಲಿ ಇನ್ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು ಎಂದು ಕೇಳು. ಒಂದು ಹೆಸರು ಎರಡಾಗುವುದು ಹೀಗೆ.

ಈಗ ನಾನು ಬಹಳ ಮುಖ್ಯ ಎಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಕೇಳಿದ ಮೇಲೆ ತಿಳಿಸಬೇಕು. ಸಲಹೆ ಪಡೆದ ದಿನವೇ ಧನ್ಯವಾದ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅದು ಸೌಜನ್ಯ, ಅದನ್ನು ನೀನು ಹೇಗೂ ಮಾಡುತ್ತೀಯ. ನಾನು ಹೇಳುತ್ತಿರುವುದು ತಿಂಗಳೆರಡು ತಿಂಗಳು ಕಳೆದ ಮೇಲೆ ಬರೆಯುವ ಪತ್ರದ ಬಗ್ಗೆ. ನೀವು ಹೀಗೆ ಹೇಳಿದಿರಿ, ನಾನು ಹೀಗೆ ಮಾಡಿದೆ, ಹೀಗಾಯಿತು ಎಂದು ಮೂರು ಸಾಲು. ಇದನ್ನು ಬರೆಯುವವರು ತೀರ ವಿರಳ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಎಲ್ಲರೂ ಕೃತಘ್ನರೆಂದು ನಾನು ಹೇಳಲಾರೆ. ಎಷ್ಟೋ ಸಲ ಅವರು ಸಂಕೋಚದಿಂದ ಸುಮ್ಮನಿರುತ್ತಾರೆ. ಕೆಲಸ ಸಿಗಲಿಲ್ಲ, ಏನೆಂದು ಬರೆಯಲಿ ಎಂದುಕೊಳ್ಳುತ್ತಾರೆ. ಸಿಗದಿದ್ದರೂ ಬರೆಯಬೇಕು. ಅವರ ಸಲಹೆ ಫಲಿಸದಿದ್ದರೂ ಬರೆಯಬೇಕು. ಸಲಹೆ ಕೊಟ್ಟವರಿಗೆ ತಮ್ಮ ಮಾತು ಎಲ್ಲಿ ಮುಟ್ಟಿತು ಎಂದು ತಿಳಿಯುವ ಬೇರೆ ದಾರಿಯೇ ಇಲ್ಲ.

ನಾನು ಕೆಲಸದಲ್ಲಿದ್ದಾಗ ಒಬ್ಬ ಹುಡುಗ ಹೀಗೇ ಮಾತಾಡಲು ಬಂದಿದ್ದ. ಎರಡು ಕಡೆಯಿಂದ ಕೆಲಸದ ಕರೆ ಬಂದಿತ್ತು, ಯಾವುದನ್ನು ಒಪ್ಪಲಿ ಎಂದು ಕೇಳಿದ. ಸಂಬಳದ ಹೋಲಿಕೆ ನನ್ನಿಂದಾಗದು, ಆದರೆ ನಿನ್ನ ಕೆಲಸವನ್ನು ಪರಿಶೀಲಿಸಿ ತಿದ್ದುವವರು ಯಾರು ಎಂದು ಎರಡೂ ಕಡೆ ಕೇಳು ಎಂದೆ. ಹೋದ. ಕೆಲವು ತಿಂಗಳಾದ ಮೇಲೆ ಅವನಿಂದ ಪತ್ರ ಬಂತು. ಒಂದು ಕಡೆಯವರಿಗೆ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲವಂತೆ, ಇನ್ನೊಂದು ಕಡೆ ಸೇರಿದನಂತೆ. ತಿದ್ದುವವರು ಬಿಗಿ, ಆದರೆ ಕಲಿಯುತ್ತಿದ್ದೇನೆ ಎಂದಿದ್ದ. ಜೊತೆಗೆ, ಸೇರುವ ಮುಂಚೆ ಇಂಥ ಕೋರ್ಸು ಮಾಡು ಎಂದು ನಾನು ಹೇಳಿದ್ದು ಅವನಿಗೆ ಉಪಯೋಗಕ್ಕೆ ಬರಲಿಲ್ಲ, ಅದರಲ್ಲಿ ಕಲಿಸುವ ಉಪಕರಣವನ್ನು ಅಲ್ಲಿ ಬಳಸುವುದೇ ಇಲ್ಲ ಎಂದೂ ಬರೆದಿದ್ದ. ಆ ಸಾಲು ನನಗೆ ತುಂಬ ಹಿಡಿಸಿತು. ಮುಂದೆ ಬಂದವರಿಗೆ ಆ ಕೋರ್ಸಿನ ಮಾತು ಹೇಳುವುದನ್ನು ಬಿಟ್ಟೆ. ಬಹಳ ದಿನಗಳ ನಂತರ ಬೇರೊಂದು ವಿಭಾಗದವರು, ಶ್ರದ್ಧೆಯಿಂದ ಕೆಲಸ ಮಾಡುವ, ಇದ್ದದ್ದನ್ನು ಇದ್ದಂತೆ ಹೇಳುವ ಯಾರಾದರೂ ಗೊತ್ತೇ ಎಂದು ನನ್ನನ್ನು ಕೇಳಿದಾಗ ಬಾಯಿಗೆ ಬಂದದ್ದು ಅವನ ಹೆಸರು. ಅವನು ಅದನ್ನು ಕೇಳಿರಲಿಲ್ಲ, ಬಯಸಿಯೂ ಇರಲಿಲ್ಲ. ಅವನಿಗಿಂತ ಜಾಣರು ನನ್ನ ಬಳಿ ಬಂದು ಹೋಗಿದ್ದರು. ಆದರೆ ಅವರ ಮುಂದಿನ ಕತೆ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದವರ ಪರವಾಗಿ ನಾನು ಏನು ಹೇಳಲಿ?

ಅಮೆರಿಕದ ಹಳೆಯ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಬಗ್ಗೆ ಜನ ಹೇಳುವ ಒಂದು ಪ್ರಸಂಗ ನೀನೂ ಕೇಳಿರಬಹುದು. ಪೆನ್ಸಿಲ್ವೇನಿಯಾದ ಶಾಸನಸಭೆಯಲ್ಲಿ ಅವರು ಗುಮಾಸ್ತರಾಗಿದ್ದಾಗ ಹೊಸ ಸದಸ್ಯರೊಬ್ಬರು ಅವರ ನೇಮಕವನ್ನು ವಿರೋಧಿಸಿದ್ದರು. ಆ ಸದಸ್ಯರ ಬಳಿ ಅಪರೂಪದ ಪುಸ್ತಕವೊಂದಿದೆ ಎಂದು ತಿಳಿದ ಫ್ರಾಂಕ್ಲಿನ್, ಕೆಲವು ದಿನ ಓದಲು ಕೊಡುವಿರಾ ಎಂದು ಚೀಟಿ ಬರೆದರು. ಪುಸ್ತಕ ಬಂತು, ಮುಂದೆ ಇಬ್ಬರೂ ಕೊನೆಯವರೆಗೂ ಸ್ನೇಹಿತರಾಗಿ ಉಳಿದರು. ಸಹಾಯ ಕೇಳಿದರೆ ವಿರೋಧಿಯೂ ಸ್ನೇಹಿತನಾಗುತ್ತಾನೆ ಎಂದು ಇದಕ್ಕೆ ಅರ್ಥ ಹೇಳುತ್ತಾರೆ. ಅದು ಸರಿಯೇ ಇರಬಹುದು. ಆದರೆ ನನ್ನ ಕಣ್ಣಿಗೆ ಬೀಳುವುದು ಜನ ಅಷ್ಟಾಗಿ ಒತ್ತಿ ಹೇಳದ ಭಾಗ. ಆ ಪುಸ್ತಕವನ್ನು ಅವರು ಸುಮಾರು ಒಂದು ವಾರದಲ್ಲಿ ಹಿಂತಿರುಗಿಸಿದರು, ಕೃತಜ್ಞತೆ ತಿಳಿಸುವ ಇನ್ನೊಂದು ಚೀಟಿಯ ಜೊತೆ. ಇಟ್ಟುಕೊಂಡು ಮರೆತಿದ್ದರೆ ಆ ಕತೆ ಬೇರೆಯೇ ಆಗುತ್ತಿತ್ತು.

ಕೊಡಲು ನನ್ನ ಬಳಿ ಏನಿದೆ ಎಂದು ನೀನು ಕೇಳಬಹುದು. ಹಿರಿಯರಿಗೆ ಕೊಡುವಂಥದ್ದು ಕಿರಿಯರ ಬಳಿ ಬಹಳ ಇರುತ್ತದೆ. ಅವರು ಮಾತಾಡಿದ ಸಭೆಯ ಟಿಪ್ಪಣಿಯನ್ನು ಚೊಕ್ಕಟವಾಗಿ ಬರೆದು ಕಳಿಸಬಹುದು. ಅವರ ಹೊಸ ಆ್ಯಪಿನಲ್ಲಿ ಕಂಡ ದೋಷವನ್ನು, ಅದು ಹೇಗೆ ಬರುತ್ತದೆ ಎಂಬ ವಿವರದೊಂದಿಗೆ ತಿಳಿಸಬಹುದು. ನೀನು ಟೆಸ್ಟರು, ಅದು ನಿನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತದೆ? ಅವರು ಹುಡುಕುತ್ತಿರುವ ಕೆಲಸಕ್ಕೆ ನಿನ್ನ ಜೊತೆಯವರಲ್ಲಿ ಒಬ್ಬರು ಸೂಕ್ತ ಅನ್ನಿಸಿದರೆ ಹೇಳಬಹುದು. ಇದಕ್ಕೆಲ್ಲ ಪ್ರತಿಫಲದ ಲೆಕ್ಕ ಇಡಬೇಡ. ಲೆಕ್ಕ ಇಟ್ಟವರ ಮಾತಿನಲ್ಲಿ ಅದು ಹೇಗೋ ಇಣುಕಿಬಿಡುತ್ತದೆ, ಎದುರಿನವರಿಗೆ ಸಾಲಗಾರರಾದಂತೆ ಕಸಿವಿಸಿಯಾಗುತ್ತದೆ.

ಇಬ್ಬರನ್ನು ಪರಸ್ಪರ ಪರಿಚಯಿಸುವಾಗ ಒಂದು ನಿಯಮವನ್ನು ತಪ್ಪದೆ ಪಾಲಿಸು: ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳು. ಒಬ್ಬರ ಫೋನ್ ನಂಬರನ್ನು ಅವರಿಗೆ ಹೇಳದೆ ಇನ್ನೊಬ್ಬರಿಗೆ ಕೊಡಬೇಡ, ಎಷ್ಟೇ ಸಲುಗೆಯಿದ್ದರೂ ಸರಿ. ಕೇಳದೆ ಕೊಟ್ಟರೆ ಅವರಿಗೆ ಇಲ್ಲ ಎನ್ನುವ ಹಕ್ಕೇ ಇಲ್ಲದಂತಾಗುತ್ತದೆ. ಹಾಗೆಯೇ ನಿನ್ನನ್ನು ಯಾರಾದರೂ ಪರಿಚಯಿಸುವುದಾದರೆ, ಅವರು ಹಾಗೇ ಮುಂದಕ್ಕೆ ಕಳಿಸಬಹುದಾದ ನಾಲ್ಕು ಸಾಲನ್ನು ನೀನೇ ಬರೆದುಕೊಡು. ನಿನ್ನ ಬಗ್ಗೆ ಅವರು ಕೂತು ಬರೆಯಬೇಕಾದ ಶ್ರಮವನ್ನು ತಪ್ಪಿಸಿದ ಹಾಗಾಯಿತು. ಪರಿಚಯ ಆದ ಮೇಲೆ ಪರಿಚಯಿಸಿದವರಿಗೆ, ಮಾತಾಡಿದೆವು, ಹೀಗಾಯಿತು ಎಂದು ತಿಳಿಸು. ಅವರು ತಮ್ಮ ಮಾತಿನ ಬೆಲೆಯನ್ನು ನಿನಗಾಗಿ ಪಣಕ್ಕಿಟ್ಟಿರುತ್ತಾರೆ.

ಹೊರಗೆ ನೋಡುವ ಭರದಲ್ಲಿ ಒಳಗಿನವರನ್ನು ಮರೆಯಬೇಡ. ನಿನ್ನ ಕಂಪನಿಯಲ್ಲೇ ಬೇರೆ ವಿಭಾಗಗಳವರು ಎಷ್ಟು ಜನ ನಿನಗೆ ಗೊತ್ತು? ರೊನಾಲ್ಡ್ ಬರ್ಟ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕೆಲಸವನ್ನು ಸುಧಾರಿಸಲು ಒಂದು ಸಲಹೆ ಬರೆಯಿರಿ ಎಂದು ಮ್ಯಾನೇಜರುಗಳನ್ನು ಕೇಳಿ, ಬಂದ ಉತ್ತರಗಳನ್ನು ಹಿರಿಯ ಅಧಿಕಾರಿಗಳಿಂದ ಮೌಲ್ಯಮಾಪನ ಮಾಡಿಸಿದ್ದರು. ತಮ್ಮ ಗುಂಪಿನ ಗಡಿ ದಾಟಿ ಒಡನಾಟ ಇಟ್ಟುಕೊಂಡಿದ್ದವರ ಸಲಹೆಗಳೇ ಹೆಚ್ಚು ಬೆಲೆಯುಳ್ಳವು ಎನಿಸಿಕೊಂಡವು. ಈಗ ನಿಮ್ಮ ತಂಡವನ್ನು ಹಂಚುತ್ತಿರುವುದು ನಿನಗೆ ಸಂಕಟವಾಗಿ ಕಾಣುತ್ತಿದೆ, ನಿಜ. ಆದರೆ ನಿನ್ನ ಜೊತೆಯಲ್ಲಿದ್ದವರು ನಾಳೆಯಿಂದ ಬೇರೆ ಬೇರೆ ವಿಭಾಗಗಳಲ್ಲಿರುತ್ತಾರೆ. ಅವರ ಕೈಬಿಡಬೇಡ. ಇನ್ನೊಂದು ಮಾತು: ಎಲ್ಲರೂ ಮೇಲಿನವರ ಪರಿಚಯಕ್ಕೆ ಮುಗಿಬೀಳುತ್ತಾರೆ. ನನ್ನನ್ನು ಕೇಳಿದರೆ, ನಿನ್ನ ಜೊತೆಗೇ ಕೆಲಸ ಶುರುಮಾಡಿದವರನ್ನು ಮೊದಲು ನೋಡು. ಹತ್ತು ವರ್ಷ ಕಳೆಯಲಿ, ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಅವರೇ ಕೂತಿರುತ್ತಾರೆ, ನಿನ್ನ ಗುಣವನ್ನು ಹತ್ತಿರದಿಂದ ಕಂಡವರೂ ಅವರೇ.

ಸಮ್ಮೇಳನ, ಸಮಾವೇಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಂಪಿನಲ್ಲಿ ನಿಂತು ಮಾತಿಗೆ ಕಾಯುವುದು ನಿನ್ನ ಸ್ವಭಾವಕ್ಕೆ ಹಿಂಸೆ. ಹಾಗಾಗಿ ಒಂದು ಜವಾಬ್ದಾರಿ ಹೊತ್ತುಕೊಂಡು ಹೋಗು. ನೋಂದಣಿಯ ಮೇಜಿನಲ್ಲಿ ಕೂತರೆ ಜನರೇ ನಿನ್ನ ಬಳಿ ಬರುತ್ತಾರೆ. ಚಿಕ್ಕದೊಂದು ಉಪನ್ಯಾಸ ಕೊಟ್ಟರೆ ಮಾತು ಶುರುಮಾಡುವ ಕಷ್ಟ ಕೇಳಿದವರದ್ದಾಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ನೀನು ಏನು ಮಾಡಿದ್ದೀಯ ಎಂಬುದನ್ನು ಸರಳವಾಗಿ ಬರೆದಿಡು. ಸಾವಿರ ಕನೆಕ್ಷನ್ ಕೂಡಿಸುವ ಗೋಜಿಗೆ ಹೋಗಬೇಡ.

ಹೆಣ್ಣುಮಗಳಾದ ನಿನಗೆ ಇದನ್ನೂ ಹೇಳಲೇಬೇಕು. ಬಹುಪಾಲು ಜನ ಒಳ್ಳೆಯವರು. ಆದರೆ ಮಾರ್ಗದರ್ಶನದ ಹೆಸರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕರೆಯುವವರು, ಕಚೇರಿಯೋ ಫೋನೋ ಸಾಕಾಗುವಾಗ ಒಬ್ಬಳೇ ಬಾ ಎನ್ನುವವರು, ಕೆಲಸದ ಮಾತು ಬಿಟ್ಟು ನಿನ್ನ ರೂಪದ ಮಾತಿಗೆ ಇಳಿಯುವವರು ಸಿಕ್ಕರೆ ಅಲ್ಲಿಗೆ ನಿಲ್ಲಿಸು. ಕಾರಣ ಕೊಡಬೇಕಾಗಿಲ್ಲ. ಅವರು ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ಅವರಿಂದ ಬರುವ ಯಾವ ಅವಕಾಶವೂ ನಿನಗೆ ಬೇಕಾಗಿಲ್ಲ. ನಡೆದದ್ದನ್ನು ದಿನಾಂಕ ಸಹಿತ ಬರೆದಿಟ್ಟುಕೋ, ಮೆಸೇಜುಗಳನ್ನು ಅಳಿಸಬೇಡ, ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ.

ಈಗಿನ ಕಂಪನಿಯ ಒಳಗಿನ ವಿಷಯವನ್ನು ಹೊರಗೆ ಎಲ್ಲೂ ಆಡಬೇಡ. ನಿನಗೆ ಅನ್ಯಾಯವಾಗಿದ್ದರೂ ಹೊಸಬರ ಮುಂದೆ ಹಳಬರನ್ನು ದೂರಬೇಡ. ಮನಸ್ಸು ಹಗುರ ಮಾಡಿಕೊಳ್ಳಲು ನಾನಿದ್ದೇನೆ, ನಿನ್ನ ಅಮ್ಮ ಇದ್ದಾಳೆ.

ಈ ವಾರ ಆ ಹಾಳೆಯಿಂದ ಮೂರು ಹೆಸರು ಆರಿಸಿ ಬರೆ. ಮೂರಕ್ಕೂ ಉತ್ತರ ಬಂದೀತು ಎಂದು ನಾನು ಭರವಸೆ ಕೊಡಲಾರೆ. ಒಂದಕ್ಕೆ ಬಂದರೂ ಕೆಲಸ ಶುರುವಾದಂತೆ.

ಕಡೆಯದಾಗಿ ಒಂದು ವಿಷಯ. ನನ್ನ ಜೊತೆ ಹಿಂದೆ ಗುಣಮಟ್ಟ ವಿಭಾಗದಲ್ಲಿದ್ದ ಒಬ್ಬರು ಈಗ ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸದಲ್ಲಿದ್ದಾರೆ. ನಿನ್ನ ಹೆಸರು ಹೇಳದೆ, ನನ್ನ ತಂಗಿಯ ಮಗಳೊಬ್ಬಳು ಈ ಕ್ಷೇತ್ರದ ಬಗ್ಗೆ ತಿಳಿಯಬೇಕೆಂದಿದ್ದಾಳೆ, ಮಾತಾಡಬಹುದೇ ಎಂದು ಕೇಳಿದೆ. ಒಪ್ಪಿದ್ದಾರೆ. ಅವರ ಕಡೆ ಈಗ ಯಾವ ಹುದ್ದೆಯೂ ಖಾಲಿಯಿಲ್ಲ ಎಂದು ಮೊದಲೇ ಹೇಳಿದ್ದಾರೆ, ಅದನ್ನು ನೆನಪಿನಲ್ಲಿಟ್ಟುಕೋ. ನಿನಗೂ ಒಪ್ಪಿಗೆಯಿದ್ದರೆ, ನಾನು ಹಾಗೇ ಮುಂದಕ್ಕೆ ಕಳಿಸುವಂಥ ನಾಲ್ಕು ಸಾಲು ಬರೆದು ಕಳಿಸು. ಬೇಡವೆನಿಸಿದರೆ ಬೇಡ ಎಂದು ಬರೆ, ನಾನೇ ಅವರಿಗೆ ತಿಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ